ಆಕಾಶದ ಗಡಿ, ನೆಲದ ಬದುಕು

(ನಮ್ಮ ಬಳಗದ ತಿಂಗಳ ಸಭೆಯಲ್ಲಿ ಗ್ರಾಮಸ್ಥರು ಹಾಗೂ ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)



ನೆಲದ ಗಡಿ ಎಂದರೇನು ಎಂಬುದನ್ನು ನಮ್ಮ ಸೀಮೆಯ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಾಂದುಕಲ್ಲು ಎಲ್ಲಿದೆ, ಅಗಳ ಯಾರ ಪಾಲಿನದು, ಸೊಪ್ಪಿನಬೆಟ್ಟದ ಎಲ್ಲೆ ಎಲ್ಲಿಯವರೆಗೆ ಎಂಬುದನ್ನು ನಾವು ತಲೆಮಾರುಗಳಿಂದ ಬಲ್ಲೆವು. ವ್ಯಾಜ್ಯ ಬಂದರೆ ಸರ್ವೆಯವರನ್ನು ಕರೆಸುತ್ತೇವೆ, ಪಂಚರನ್ನು ಕೂರಿಸುತ್ತೇವೆ, ಎಷ್ಟೋ ಸಲ ಕೋರ್ಟಿನ ಮೆಟ್ಟಿಲನ್ನೂ ಹತ್ತುತ್ತೇವೆ. ತೀರ್ಮಾನಕ್ಕೆ ವರ್ಷಗಳೇ ಹಿಡಿಯುತ್ತವೆ. ಆ ವಿಳಂಬವನ್ನು ನಾವೆಲ್ಲ ಶಪಿಸುತ್ತೇವೆ. ಆದರೆ ಸಿಟ್ಟು ಇಳಿಯುವುದಕ್ಕೆ ಸಿಕ್ಕ ಆ ಕಾಲಾವಕಾಶದಿಂದಲೇ ಎಷ್ಟೋ ಮನೆಗಳು ಉಳಿದಿವೆ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಆಕಾಶದ ಗಡಿಗೆ ಬಾಂದುಕಲ್ಲಿಲ್ಲ. ಯುದ್ಧವಿಮಾನವೊಂದು ಸೆಕೆಂಡಿಗೆ ಇನ್ನೂರರಿಂದ ಮುನ್ನೂರು ಮೀಟರ್ ದೂರವನ್ನು ಸುಲಭವಾಗಿ ಕ್ರಮಿಸುತ್ತದೆ. ಅದು ಗಡಿ ದಾಟಿತೇ ಇಲ್ಲವೇ, ದಾಟಿದ್ದು ಪ್ರಮಾದವೋ ಉದ್ದೇಶವೋ, ಉತ್ತರವಾಗಿ ಕ್ಷಿಪಣಿ ಹಾರಿಸಬೇಕೋ ಬೇಡವೋ ಎಂಬ ತೀರ್ಮಾನಕ್ಕೆ ನಿಮಿಷಗಳು, ಕೆಲವೊಮ್ಮೆ ಸೆಕೆಂಡುಗಳು ಮಾತ್ರ ದೊರೆಯುತ್ತವೆ. ಯೋಚಿಸಲು ಸಿಗುವ ಈ ಕಾಲ ಹೆಚ್ಚಿದಷ್ಟೂ ಜನ ಬದುಕುತ್ತಾರೆ, ಕುಗ್ಗಿದಷ್ಟೂ ಸಂಬಂಧವೇ ಇಲ್ಲದವರು ಸಾಯುತ್ತಾರೆ ಎಂಬ ಒಂದು ಸಂಗತಿಯನ್ನು ತಮ್ಮ ಮುಂದಿಡುವುದಷ್ಟೇ ಇಂದಿನ ನನ್ನ ಉದ್ದೇಶ.

ಮೊದಲಿಗೆ ಕಾನೂನಿನ ವಿಷಯ. 1944ರ ಡಿಸೆಂಬರ್ 7ರಂದು ಅಮೆರಿಕದ ಶಿಕಾಗೊ ನಗರದಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಒಪ್ಪಂದಕ್ಕೆ ಸಹಿ ಬಿದ್ದಿತು. ತನ್ನ ನೆಲದ ಮೇಲಿನ ಆಕಾಶದಲ್ಲಿ ಪ್ರತಿಯೊಂದು ರಾಷ್ಟ್ರಕ್ಕೂ ಸಂಪೂರ್ಣ ಪರಮಾಧಿಕಾರವಿದೆ ಎಂಬುದು ಅದರ ಮೊದಲನೆಯ ವಿಧಿ. ಕರಾವಳಿಯಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್‌ವರೆಗಿನ ಸಮುದ್ರದ ಮೇಲಿನ ಆಕಾಶವೂ ಇದರಲ್ಲಿ ಸೇರುತ್ತದೆ. ಇದು ಮನೆಯ ಅಂಗಳವಿದ್ದಂತೆ. ಇದರ ಹೊರಗೆ ಕೆಲವು ದೇಶಗಳು ‘ವಾಯು ರಕ್ಷಣಾ ಗುರುತು ವಲಯ’ ಎಂಬ ಇನ್ನೊಂದು ಗೆರೆಯನ್ನು ಎಳೆದುಕೊಂಡಿವೆ. ಅಮೆರಿಕ 1950ರಲ್ಲಿಯೇ ಇದನ್ನು ಆರಂಭಿಸಿತು. ಚೀನಾ 2013ರ ನವೆಂಬರ್‌ನಲ್ಲಿ ಪೂರ್ವ ಚೀನಾ ಸಮುದ್ರದ ಮೇಲೆ ಘೋಷಿಸಿತು. ಇದು ದಣಪೆಯಾಚೆಯ ದಾರಿಯಿದ್ದಂತೆ. ಅಲ್ಲಿ ಹೋಗುವವರನ್ನು ‘ಯಾರು ನೀವು, ಎಲ್ಲಿಗೆ ಹೊರಟಿರಿ’ ಎಂದು ಕೇಳಬಹುದೇ ಹೊರತು ಆ ದಾರಿ ನಮ್ಮ ಸ್ವತ್ತಲ್ಲ. ತೈವಾನ್ ಸುತ್ತಲಿನ ಚೀನೀ ವಿಮಾನಗಳ ಕುರಿತ ಅಂಕಿಅಂಶಗಳಲ್ಲಿ ಬಹುಪಾಲು ಈ ಎರಡನೆಯ ಬಗೆಯ ವಲಯಕ್ಕೆ ಸಂಬಂಧಿಸಿದವು. ಪತ್ರಿಕೆಗಳು ಎರಡನ್ನೂ ‘ವಾಯುಗಡಿ ಉಲ್ಲಂಘನೆ’ ಎಂದೇ ಬರೆದುಬಿಡುವುದುಂಟು. ವಿದ್ಯಾರ್ಥಿಗಳು ಈ ಅಂತರವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಈಗ ಒಂದು ಘಟನೆಯನ್ನು ವಿವರವಾಗಿ ನೋಡೋಣ. ಟರ್ಕಿಯ ದಕ್ಷಿಣ ತುದಿಯಲ್ಲಿ ಹತಾಯ್ ಎಂಬ ಪ್ರಾಂತ್ಯವಿದೆ. ಅದರ ಒಂದು ಭಾಗ ನಾಲಿಗೆಯಂತೆ ಸಿರಿಯಾದೊಳಕ್ಕೆ ಚಾಚಿಕೊಂಡಿದೆ. 2015ರ ನವೆಂಬರ್ 24ರ ಬೆಳಿಗ್ಗೆ ರಷ್ಯಾದ ಸುಖೋಯ್-24 ಬಾಂಬರ್ ಒಂದು ಈ ನಾಲಿಗೆಯನ್ನು ಅಡ್ಡ ಹಾಯ್ದಿತೆಂದು ಟರ್ಕಿ ಹೇಳಿತು. ವಿಮಾನ ತನ್ನ ಆಕಾಶದಲ್ಲಿದ್ದುದು 17 ಸೆಕೆಂಡು ಎಂದು ಟರ್ಕಿಯೇ ವಿಶ್ವಸಂಸ್ಥೆಗೆ ಬರೆದ ಪತ್ರದಲ್ಲಿ ತಿಳಿಸಿತು. ಐದು ನಿಮಿಷಗಳಲ್ಲಿ ಹತ್ತು ಬಾರಿ ಎಚ್ಚರಿಸಿದೆವು ಎಂಬುದು ಅದರ ವಾದ. ವಿಮಾನ ಸಿರಿಯಾದ ಆಕಾಶವನ್ನು ಬಿಟ್ಟೇ ಇರಲಿಲ್ಲ, ಎಚ್ಚರಿಕೆಯೂ ಬರಲಿಲ್ಲ ಎಂಬುದು ರಷ್ಯಾದ ವಾದ. ಟರ್ಕಿಯ ಎಫ್-16 ಹಾರಿಸಿದ ಕ್ಷಿಪಣಿಗೆ ಸಿಲುಕಿ ವಿಮಾನ ಸಿರಿಯಾ ಬದಿಯ ಬೆಟ್ಟಗಳ ಮೇಲೆ ಬಿದ್ದಿತು. ಪ್ಯಾರಾಚೂಟಿನಲ್ಲಿ ಇಳಿಯುತ್ತಿದ್ದ ಪೈಲಟ್ ನೆಲದಿಂದ ಹಾರಿದ ಗುಂಡಿಗೆ ಬಲಿಯಾದರು. ಅವರನ್ನು ಹುಡುಕಲು ಹೋದ ತಂಡದ ಇನ್ನೊಬ್ಬ ಸೈನಿಕರೂ ಸತ್ತರು.

ಅಷ್ಟಕ್ಕೇ ನಿಲ್ಲಲಿಲ್ಲ. ಕೆಲವೇ ದಿನಗಳಲ್ಲಿ ರಷ್ಯಾ ಸಿರಿಯಾದಲ್ಲಿ ಎಸ್-400 ಕ್ಷಿಪಣಿ ವ್ಯವಸ್ಥೆಯನ್ನು ತಂದು ನಿಲ್ಲಿಸಿತು. ಟರ್ಕಿಗೆ ತನ್ನ ಪ್ರವಾಸಿಗಳನ್ನು ಒಯ್ಯುತ್ತಿದ್ದ ಬಾಡಿಗೆ ವಿಮಾನಗಳನ್ನು ನಿಲ್ಲಿಸಿತು. 2016ರ ಜನವರಿ 1ರಿಂದ ಟರ್ಕಿಯ ಟೊಮೇಟೊ, ಕಿತ್ತಳೆ, ದ್ರಾಕ್ಷಿ ಮೊದಲಾದವುಗಳ ಆಮದನ್ನು ನಿಷೇಧಿಸಿತು. ರಷ್ಯಾದ ಮಾರುಕಟ್ಟೆಯನ್ನೇ ನಂಬಿ ಗಾಜಿನ ಮನೆಗಳಲ್ಲಿ ಟೊಮೇಟೊ ಬೆಳೆದಿದ್ದ ರೈತರು ಕೊಳ್ಳುವವರಿಲ್ಲದೆ ಕುಳಿತರು. 2016ರ ಜೂನ್‌ನಲ್ಲಿ ಟರ್ಕಿಯ ಅಧ್ಯಕ್ಷ ಎರ್ಡೊಗಾನ್ ರಷ್ಯಾಕ್ಕೆ ವಿಷಾದದ ಪತ್ರ ಬರೆದ ಮೇಲೆ ಒಂದೊಂದೇ ಬಾಗಿಲು ತೆರೆಯಿತು. ಟೊಮೇಟೊ ಮೇಲಿನ ನಿಷೇಧ ಸಡಿಲವಾಗುವ ವೇಳೆಗೆ 2017ರ ಕೊನೆ ಬಂದಿತ್ತು. ಹದಿನೇಳು ಸೆಕೆಂಡುಗಳ ವ್ಯಾಜ್ಯಕ್ಕೆ ರೈತರು ತೆತ್ತದ್ದು ಸುಮಾರು ಎರಡು ವರ್ಷದ ಫಸಲನ್ನು. ಅಡಿಕೆ, ಮೆಣಸುಗಳ ಧಾರಣೆ ನಮ್ಮ ಕೈಯಲ್ಲಿಲ್ಲದ ಕಾರಣಗಳಿಂದ ಏರಿಳಿಯುವುದನ್ನು ಕಂಡಿರುವ ತಮಗೆ ಇದರ ನೋವು ಅರ್ಥವಾಗದೆ ಇರದು. ‘ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು’ ಎಂಬ ಗಾದೆ ರಾಷ್ಟ್ರಗಳ ಜಗಳಕ್ಕೂ ಸಲ್ಲುತ್ತದೆ.

ಈ ಕಥೆಗೆ ಒಂದು ಹಿನ್ನೆಲೆಯೂ ಇದೆ. 2012ರ ಜೂನ್ 22ರಂದು ಟರ್ಕಿಯದೇ ಫ್ಯಾಂಟಮ್ ವಿಮಾನವನ್ನು ಸಿರಿಯಾ ಹೊಡೆದುರುಳಿಸಿತ್ತು. ಅಂದು ಪ್ರಧಾನಿಯಾಗಿದ್ದ ಇದೇ ಎರ್ಡೊಗಾನ್, ಕ್ಷಣಕಾಲದ ಗಡಿ ಉಲ್ಲಂಘನೆ ದಾಳಿಗೆ ನೆಪವಾಗಲಾರದು ಎಂದು ವಾದಿಸಿದ್ದರು. ಬಳಿಕ ಟರ್ಕಿ ತನ್ನ ಸೇನೆಯ ನಿಯಮವನ್ನೇ ಬದಲಿಸಿ, ಸಿರಿಯಾ ಕಡೆಯಿಂದ ಗಡಿ ಸಮೀಪಿಸುವ ಯಾವುದೇ ಸೈನಿಕ ವಾಹನವನ್ನು ಬೆದರಿಕೆಯೆಂದೇ ಪರಿಗಣಿಸುವುದಾಗಿ ಸಾರಿತು. ಮೂರು ವರ್ಷಗಳ ಹಿಂದೆ ಸಿಟ್ಟಿನಲ್ಲಿ ಬರೆದಿಟ್ಟ ನಿಯಮವೇ 2015ರಲ್ಲಿ ಪೈಲಟ್ಟಿನ ಪರವಾಗಿ ಮುಂಚಿತವಾಗಿ ಯೋಚಿಸಿಬಿಟ್ಟಿತ್ತು. ಆತನಿಗೆ ಯೋಚಿಸಲು ಉಳಿದದ್ದು ಬಹಳ ಕಡಿಮೆ.

ಯೋಚಿಸುವ ಕಾಲವನ್ನು ಹೀಗೆ ಕತ್ತರಿಸುತ್ತ ಹೋದರೆ ಏನಾಗುತ್ತದೆ ಎಂಬುದನ್ನು ಅಮೆರಿಕ–ಸೋವಿಯತ್ ಶೀತಲ ಸಮರದ ವರ್ಷಗಳು ತೋರಿಸಿಕೊಟ್ಟಿವೆ. ಶತ್ರು ಹೊಡೆದರೆ ಮರುಕ್ಷಣವೇ ಉತ್ತರ ಕೊಡಬೇಕೆಂದು ಅಮೆರಿಕ ತನ್ನ ಬಿ-52 ಬಾಂಬರುಗಳನ್ನು ಹೈಡ್ರೋಜನ್ ಬಾಂಬುಗಳೊಡನೆ ಹಗಲಿರುಳೂ ಆಕಾಶದಲ್ಲಿ ಸುತ್ತಿಸುತ್ತಿತ್ತು. 1966ರ ಜನವರಿ 17ರಂದು ಸ್ಪೇನ್ ದೇಶದ ಪಾಲೊಮಾರೆಸ್ ಎಂಬ ಹಳ್ಳಿಯ ಮೇಲೆ, ಹಾರಾಟದಲ್ಲಿಯೇ ಇಂಧನ ತುಂಬಿಸಿಕೊಳ್ಳುವಾಗ, ಅಂಥ ವಿಮಾನವೊಂದು ಇಂಧನ ವಿಮಾನಕ್ಕೆ ಡಿಕ್ಕಿ ಹೊಡೆಯಿತು. ಏಳು ಮಂದಿ ವಿಮಾನ ಸಿಬ್ಬಂದಿ ಸತ್ತರು. ನಾಲ್ಕು ಬಾಂಬುಗಳಲ್ಲಿ ಮೂರು ನೆಲದ ಮೇಲೆ, ಒಂದು ಸಮುದ್ರಕ್ಕೆ ಬಿದ್ದವು. ಪರಮಾಣು ಸ್ಫೋಟ ಆಗಲಿಲ್ಲ. ಆದರೆ ಎರಡು ಬಾಂಬುಗಳೊಳಗಿನ ಸಾಮಾನ್ಯ ಸಿಡಿಮದ್ದು ಸಿಡಿದು ಪ್ಲುಟೋನಿಯಂ ಧೂಳು ಹೊಲಗಳ ಮೇಲೆ ಹರಡಿತು. ಆ ಹಳ್ಳಿಯವರೂ ಟೊಮೇಟೊ ಬೆಳೆಗಾರರೇ. ಸುಮಾರು 1,400 ಟನ್ ಮಣ್ಣನ್ನು ಬಗೆದು ಹಡಗಿನಲ್ಲಿ ಅಮೆರಿಕಕ್ಕೆ ಸಾಗಿಸಲಾಯಿತು. ಉಳಿದ ಮಾಲಿನ್ಯದ ಶುದ್ಧೀಕರಣದ ಬಗ್ಗೆ ಎರಡು ಸರಕಾರಗಳು 2015ರಲ್ಲಿಯೂ ಮಾತುಕತೆಯ ಕಾಗದಕ್ಕೆ ಸಹಿ ಹಾಕುತ್ತಿದ್ದವು. 1968ರ ಜನವರಿ 21ರಂದು ಗ್ರೀನ್‌ಲ್ಯಾಂಡಿನ ಥೂಲೆ ಬಳಿ ಇಂಥದೇ ಇನ್ನೊಂದು ವಿಮಾನ ಹಿಮದ ಮೇಲೆ ಬಿದ್ದ ನಂತರವೇ ಬಾಂಬು ಹೊತ್ತ ಆ ನಿರಂತರ ಹಾರಾಟ ನಿಂತಿತು.

1983ರ ಸೆಪ್ಟೆಂಬರ್ 1ರಂದು ನ್ಯೂಯಾರ್ಕಿನಿಂದ ಹೊರಟು ಅಲಾಸ್ಕಾ ಮಾರ್ಗವಾಗಿ ಸೋಲ್‌ಗೆ ಹೋಗುತ್ತಿದ್ದ ಕೊರಿಯನ್ ಏರ್‌ಲೈನ್ಸ್‌ನ 007 ವಿಮಾನ ದಾರಿ ತಪ್ಪಿ ಸೋವಿಯತ್ ಒಕ್ಕೂಟದ ಕಮ್‌ಚಾಟ್ಕಾ ಪರ್ಯಾಯದ್ವೀಪದ ಮೇಲೆ ಹಾಯ್ದು, ಸಖಾಲಿನ್ ದ್ವೀಪದವರೆಗೂ ಬಂದಿತು. ಅಂದು ರಾತ್ರಿ ಅದೇ ಪ್ರದೇಶದಲ್ಲಿ ಅಮೆರಿಕದ ಬೇಹುಗಾರಿಕೆ ವಿಮಾನವೊಂದು ಸುಳಿದಾಡಿತ್ತು. ಈ ಗೊಂದಲದಲ್ಲಿ ಸೋವಿಯತ್ ಯುದ್ಧವಿಮಾನ ಪ್ರಯಾಣಿಕರ ವಿಮಾನವನ್ನೇ ಹೊಡೆದು ಬೀಳಿಸಿತು. ಒಳಗಿದ್ದ 269 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅದೇ ತಿಂಗಳ 26ರಂದು ಅಮೆರಿಕದಿಂದ ಕ್ಷಿಪಣಿಗಳು ಹೊರಟಿವೆ ಎಂದು ಸೋವಿಯತ್ ಉಪಗ್ರಹಗಳು ಸೂಚನೆ ಕೊಟ್ಟವು. ಕರ್ತವ್ಯದಲ್ಲಿದ್ದ ಅಧಿಕಾರಿ ಸ್ಟಾನಿಸ್ಲಾವ್ ಪೆಟ್ರೋವ್, ನಿಜವಾದ ದಾಳಿಯಾದರೆ ಬೆರಳೆಣಿಕೆಯ ಕ್ಷಿಪಣಿಗಳಿಂದ ಆರಂಭವಾಗಲಾರದೆಂದು ತರ್ಕಿಸಿ, ಅದು ಸುಳ್ಳು ಸೂಚನೆಯೆಂದು ವರದಿ ಮಾಡಿದರು. ಎತ್ತರದ ಮೋಡಗಳ ಮೇಲೆ ಹೊಳೆದ ಬಿಸಿಲು ಯಂತ್ರವನ್ನು ಮೋಸಗೊಳಿಸಿತ್ತೆಂದು ಆಮೇಲೆ ತಿಳಿಯಿತು. ಒಂದೇ ತಿಂಗಳು, ಒಂದೇ ಸೇನೆ. ಒಂದು ಕಡೆ ಆತುರ 269 ಜೀವಗಳನ್ನು ತೆಗೆಯಿತು. ಇನ್ನೊಂದು ಕಡೆ ಒಬ್ಬ ಮನುಷ್ಯನ ತಾಳ್ಮೆ ಮಹಾ ಅನಾಹುತವನ್ನು ತಡೆಯಿತು.

ಆ 269 ಜನರ ಸಾವಿನಿಂದ ಜಗತ್ತು ಸ್ವಲ್ಪ ಕಲಿಯಿತು. ಹಾರಾಟದಲ್ಲಿರುವ ನಾಗರಿಕ ವಿಮಾನದ ಮೇಲೆ ಆಯುಧ ಪ್ರಯೋಗಿಸಬಾರದೆಂಬ ವಿಧಿಯನ್ನು 1984ರಲ್ಲಿ ಶಿಕಾಗೊ ಒಪ್ಪಂದಕ್ಕೆ ಸೇರಿಸಲಾಯಿತು. ವಿಮಾನಗಳು ದಾರಿ ತಪ್ಪಬಾರದೆಂದು ಅಮೆರಿಕ ತನ್ನ ಸೈನಿಕ ಜಿಪಿಎಸ್ ವ್ಯವಸ್ಥೆಯನ್ನು ನಾಗರಿಕರಿಗೂ ತೆರೆಯುವುದಾಗಿ ಪ್ರಕಟಿಸಿತು. ಇಂದು ವಿದ್ಯಾರ್ಥಿಗಳ ಕೈಯ ಫೋನಿನಲ್ಲಿ ದಾರಿ ತೋರಿಸುವ ವ್ಯವಸ್ಥೆಯ ಹಿಂದೆ ಆ ದುರಂತದ ನೆನಪೂ ಇದೆ. ಆದರೂ ಕಲಿತದ್ದು ಸಾಲಲಿಲ್ಲ. 1988ರಲ್ಲಿ ಅಮೆರಿಕದ ಯುದ್ಧನೌಕೆ ಇರಾನಿನ ಪ್ರಯಾಣಿಕ ವಿಮಾನವನ್ನು ಹೊಡೆದು 290 ಜನರನ್ನು ಕೊಂದಿತು. 2020ರ ಜನವರಿಯಲ್ಲಿ ಇರಾನಿನ ಕ್ಷಿಪಣಿಗಳು ಟೆಹರಾನಿನಿಂದ ಮೇಲೇರಿದ ಉಕ್ರೇನಿನ ವಿಮಾನವನ್ನು ಹೊಡೆದು 176 ಜನರನ್ನು ಕೊಂದವು. ಎರಡೂ ಸಂದರ್ಭಗಳಲ್ಲಿ ಗುಂಡಿ ಒತ್ತಿದವರು ಶತ್ರುವೇ ಬಂದನೆಂದು ಭಾವಿಸಿದ್ದರು.

ಈಗ ಇತ್ತೀಚಿನ ವಿಷಯಕ್ಕೆ ಬರುತ್ತೇನೆ. ಉಕ್ರೇನ್ ಯುದ್ಧದ ನಡುವೆ, 2025ರ ಸೆಪ್ಟೆಂಬರ್ 9 ಮತ್ತು 10ರ ನಡುವಿನ ರಾತ್ರಿ, ಸುಮಾರು ಇಪ್ಪತ್ತು ರಷ್ಯನ್ ಡ್ರೋನ್‌ಗಳು ಪೋಲೆಂಡಿನ ಆಕಾಶವನ್ನು ಹೊಕ್ಕವು. ಪೋಲೆಂಡ್ ಮತ್ತು ನೆದರ್ಲೆಂಡ್ಸ್ ದೇಶಗಳ ಯುದ್ಧವಿಮಾನಗಳು ಮೇಲೇರಿ ಕೆಲವನ್ನು ಹೊಡೆದುರುಳಿಸಿದವು. ಉಕ್ರೇನ್ ಯುದ್ಧ ಆರಂಭವಾದ ಮೇಲೆ ನ್ಯಾಟೋ ಒಕ್ಕೂಟ ತನ್ನ ಆಕಾಶದಲ್ಲಿ ರಷ್ಯಾದ ವಸ್ತುಗಳ ಮೇಲೆ ಗುಂಡು ಹಾರಿಸಿದ್ದು ಅದೇ ಮೊದಲು. ವಾರ್ಸಾ ವಿಮಾನ ನಿಲ್ದಾಣ ಕೆಲ ಗಂಟೆ ಮುಚ್ಚಿತು. ಗಡಿ ಸಮೀಪದ ವೈರಿಕಿ ಎಂಬ ಊರಿನಲ್ಲಿ ಒಂದು ಮನೆಯ ಚಾವಣಿ ಹಾರಿಹೋಯಿತು. ಅದಕ್ಕೆ ಬಡಿದದ್ದು ರಕ್ಷಣೆಗೆಂದು ಬಂದ ಸ್ವಂತ ಯುದ್ಧವಿಮಾನದ ಕ್ಷಿಪಣಿಯೇ ಎಂಬ ವರದಿಗಳು ಬಳಿಕ ಬಂದವು.

ಹತ್ತು ದಿನ ಕಳೆಯುವುದರೊಳಗೆ, ಸೆಪ್ಟೆಂಬರ್ 19ರಂದು, ರಷ್ಯಾದ ಮೂರು ಮಿಗ್-31 ವಿಮಾನಗಳು ಫಿನ್‌ಲ್ಯಾಂಡ್ ಕೊಲ್ಲಿಯ ವೈಂಡ್ಲೋ ದ್ವೀಪದ ಬಳಿ ಎಸ್ಟೋನಿಯಾದ ಆಕಾಶದಲ್ಲಿ ಸುಮಾರು 12 ನಿಮಿಷ ಹಾರಿದವೆಂದು ಆ ದೇಶ ಪ್ರಕಟಿಸಿತು. ತಮ್ಮ ಗುರುತು ತಿಳಿಸುವ ಯಂತ್ರವನ್ನು ಅವು ಆರಿಸಿಕೊಂಡಿದ್ದವು, ನಿಯಂತ್ರಣ ಕೇಂದ್ರದೊಡನೆ ಮಾತೂ ಆಡಲಿಲ್ಲ ಎಂದಿತು. ವಿಮಾನಗಳು ತಟಸ್ಥ ಸಮುದ್ರದ ಮೇಲೆಯೇ ಹಾರಿದವೆಂದು ರಷ್ಯಾ ಉತ್ತರಿಸಿತು. ಇಟಲಿಯ ಎಫ್-35 ವಿಮಾನಗಳು ಮೇಲೇರಿ ಅವುಗಳನ್ನು ತಡೆದು ಹೊರಕ್ಕೆ ಕಳುಹಿಸಿದವು. ಅದೇ ವರ್ಷದ ಫೆಬ್ರವರಿಯಲ್ಲಿ ಬೆಂಗಳೂರಿನ ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ಅಮೆರಿಕ ನಿರ್ಮಿತ ಎಫ್-35, ರಷ್ಯಾದ ಸುಖೋಯ್-57 ಎರಡೂ ಒಂದೇ ಅಂಗಳದಲ್ಲಿ ನಿಂತಿದ್ದವು. ಜನ ಎರಡಕ್ಕೂ ಚಪ್ಪಾಳೆ ತಟ್ಟಿದರು. ಪ್ರದರ್ಶನದಲ್ಲಿ ನೋಡಿದ ಯಂತ್ರ ಎಂಥ ಕೆಲಸಕ್ಕೆ ಹುಟ್ಟಿದ್ದು ಎಂಬುದನ್ನು ಏಳು ತಿಂಗಳ ನಂತರ ಬಾಲ್ಟಿಕ್ ಆಕಾಶ ತೋರಿಸಿತು.

ಹತಾಯ್‌ನಲ್ಲಿ 17 ಸೆಕೆಂಡಿಗೆ ಕ್ಷಿಪಣಿ ಹಾರಿತು. ಎಸ್ಟೋನಿಯಾದಲ್ಲಿ 12 ನಿಮಿಷಕ್ಕೂ ಹಾರಲಿಲ್ಲ. ಎಸ್ಟೋನಿಯಾ ನ್ಯಾಟೋ ಒಪ್ಪಂದದ ನಾಲ್ಕನೆಯ ವಿಧಿಯಂತೆ ಮಿತ್ರರಾಷ್ಟ್ರಗಳ ಸಮಾಲೋಚನೆ ಕೇಳಿತು; ವಿಷಯ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಮುಂದೆಯೂ ಬಂದಿತು. ಇನ್ನು ಮುಂದೆ ಹೊಡೆದುರುಳಿಸಬೇಕು ಎಂಬ ಕೂಗೂ ಎದ್ದಿತು. ಕೇಳಿದವರಿಗೆ ಅಮೆರಿಕದ ಅಧ್ಯಕ್ಷ ಟ್ರಂಪ್ ಕೂಡ ಹೌದೆಂದೇ ಉತ್ತರಿಸಿದರು.

ಇಲ್ಲಿ ಒಂದು ನ್ಯಾಯವಾದ ಪ್ರಶ್ನೆಯಿದೆ. ಸುಮ್ಮನಿದ್ದರೆ ಒತ್ತುವರಿದಾರ ಇನ್ನೂ ಒಳಕ್ಕೆ ಬರುವುದಿಲ್ಲವೇ? ಇಂದು ಬೇಲಿ ಸರಿಸಿದವನು ನಾಳೆ ತೋಟಕ್ಕೇ ಕೈ ಹಾಕುವುದಿಲ್ಲವೇ? ಖಂಡಿತವಾಗಿ ಹಾಕುತ್ತಾನೆ. ಉದ್ದೇಶಪೂರ್ವಕವಾದ ಗಡಿ ಉಲ್ಲಂಘನೆ ಎಂದರೆ ಎದುರಾಳಿಯ ರಾಡಾರ್ ಎಲ್ಲಿದೆ, ವಿಮಾನ ಎಷ್ಟು ಬೇಗ ಮೇಲೇಳುತ್ತದೆ, ಮಿತ್ರರು ಜೊತೆಗೆ ನಿಲ್ಲುತ್ತಾರೆಯೇ ಎಂದು ಅಳೆಯುವ ವಿಧಾನವೂ ಹೌದು. ಆದ್ದರಿಂದ ಸುಮ್ಮನಿರಿ ಎಂದು ನಾನು ಹೇಳುತ್ತಿಲ್ಲ. ತಡೆಯಬೇಕು, ಗುರುತಿಸಬೇಕು, ಹೊರಕ್ಕೆ ಕಳುಹಿಸಬೇಕು, ದಾರಿಯ ನಕ್ಷೆಯನ್ನು ಲೋಕದ ಮುಂದಿಡಬೇಕು, ಬೆಲೆ ತೆರಿಸಬೇಕು. ಇವೆಲ್ಲವೂ ಕ್ರಮಗಳೇ. ಇವುಗಳಲ್ಲಿ ಯಾವುದು ತಪ್ಪಾದರೂ ನಾಳೆ ತಿದ್ದಿಕೊಳ್ಳಲು ಅವಕಾಶವಿದೆ. ಹಾರಿಸಿದ ಕ್ಷಿಪಣಿಯನ್ನು ಹಿಂದಕ್ಕೆ ಕರೆಯಲಾಗದು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ.

ನಮ್ಮ ಉಪಖಂಡವೂ ಈ ಪಾಠದಿಂದ ಹೊರತಲ್ಲ. 1991ರ ಏಪ್ರಿಲ್ 6ರಂದು ಭಾರತ–ಪಾಕಿಸ್ತಾನಗಳು ವಾಯುಗಡಿ ಉಲ್ಲಂಘನೆ ತಡೆಯುವ ಒಪ್ಪಂದ ಮಾಡಿಕೊಂಡವು. ಯುದ್ಧವಿಮಾನಗಳು ಪರಸ್ಪರರ ಆಕಾಶದಿಂದ 10 ಕಿಲೋಮೀಟರ್ ದೂರವಿರಬೇಕೆಂಬುದು ಅದರ ತಿರುಳು. ಚೀನಾದೊಡನೆ 1996ರಲ್ಲಿ ಆದ ಒಪ್ಪಂದದಲ್ಲಿಯೂ ವಾಸ್ತವ ನಿಯಂತ್ರಣ ರೇಖೆಗೆ ಇಷ್ಟೇ ಅಂತರವಿದೆ. ಹತ್ತು ಕಿಲೋಮೀಟರ್ ಎಂದರೆ ಯುದ್ಧವಿಮಾನಕ್ಕೆ ಅರ್ಧ ನಿಮಿಷದ ದಾರಿ. ಆ ಅರ್ಧ ನಿಮಿಷವನ್ನು ಕಾಯ್ದಿಡುವುದೇ ಈ ಒಪ್ಪಂದಗಳ ಕೆಲಸ. ಕಾರ್ಗಿಲ್ ಯುದ್ಧ ಮುಗಿದ ಕೆಲವೇ ದಿನಗಳಲ್ಲಿ, 1999ರ ಆಗಸ್ಟ್ 10ರಂದು, ಪಾಕಿಸ್ತಾನದ ನೌಕಾದಳದ ಅಟ್ಲಾಂಟಿಕ್ ವಿಮಾನವನ್ನು ಭಾರತದ ಮಿಗ್-21 ಕಚ್ಛದ ರಣ್ ಪ್ರದೇಶದಲ್ಲಿ ಹೊಡೆದುರುಳಿಸಿತು; 16 ಮಂದಿ ಸತ್ತರು. ನಮ್ಮ ಗಡಿ ದಾಟಿತ್ತು ಎಂದು ಭಾರತ, ದಾಟಿರಲಿಲ್ಲ ಎಂದು ಪಾಕಿಸ್ತಾನ. ದೂರು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ತನಗೆ ವಿಚಾರಣಾಧಿಕಾರ ಇಲ್ಲವೆಂದು 2000ದ ಜೂನ್‌ನಲ್ಲಿ ನ್ಯಾಯಾಲಯ ಹೇಳಿತು. ನೆಲದ ವ್ಯಾಜ್ಯಕ್ಕೆ ಇರುವ ಕೋರ್ಟು ಆಕಾಶದ ವ್ಯಾಜ್ಯಕ್ಕೆ ಸುಲಭವಾಗಿ ಸಿಗುವುದಿಲ್ಲ.

2019ರ ಫೆಬ್ರವರಿ 27ರಂದು, ಎರಡೂ ದೇಶಗಳ ವಿಮಾನಗಳು ಕಾಶ್ಮೀರದ ಮೇಲೆ ಕಾದಾಡುತ್ತಿದ್ದ ಹೊತ್ತಿನಲ್ಲಿ, ಬಡಗಾಮ್ ಬಳಿ ನಮ್ಮದೇ ಹೆಲಿಕಾಪ್ಟರ್ ನಮ್ಮದೇ ಕ್ಷಿಪಣಿಗೆ ಬಲಿಯಾಯಿತು. ವಾಯುಪಡೆಯ ಆರು ಮಂದಿಯೂ ನೆಲದ ಮೇಲಿದ್ದ ಒಬ್ಬ ನಾಗರಿಕರೂ ಸತ್ತರು. ಅದು ದೊಡ್ಡ ತಪ್ಪೆಂದು ವಾಯುಪಡೆಯ ಮುಖ್ಯಸ್ಥರೇ ಬಳಿಕ ಒಪ್ಪಿಕೊಂಡರು. 2022ರ ಮಾರ್ಚ್ 9ರಂದು ಭಾರತದ ಕ್ಷಿಪಣಿಯೊಂದು ಆಕಸ್ಮಿಕವಾಗಿ ಹಾರಿ ಪಾಕಿಸ್ತಾನದ ಪಂಜಾಬಿನ ಮಿಯಾಂ ಚನ್ನು ಬಳಿ ಬಿದ್ದಿತು. ಅದೃಷ್ಟವಶಾತ್ ಯಾರೂ ಸಾಯಲಿಲ್ಲ. ಅದರಲ್ಲಿ ಸಿಡಿತಲೆ ಇತ್ತೋ ಇಲ್ಲವೋ ಎಂದು ಅರಿಯದ ಎದುರಾಳಿ ಅಂದು ತಾಳಿಕೊಂಡದ್ದರಿಂದ ಅನಾಹುತ ತಪ್ಪಿತು. ಎರಡು ದಿನಗಳ ನಂತರ ಭಾರತ ವಿಷಾದ ವ್ಯಕ್ತಪಡಿಸಿತು. ಮೂವರು ಅಧಿಕಾರಿಗಳನ್ನು ಸೇವೆಯಿಂದ ವಜಾ ಮಾಡಲಾಯಿತು.

2025ರ ಮೇ 7ರಿಂದ 10ರವರೆಗಿನ ಕಾಳಗದಲ್ಲಿ ವಿಮಾನ, ಡ್ರೋನ್, ಕ್ಷಿಪಣಿಗಳ ಸುದ್ದಿಯೇ ತುಂಬಿತ್ತು. ಆ ಸುದ್ದಿಯ ಗದ್ದಲದ ನಡುವೆ ಪೂಂಚ್‌ನ ಬೆಟ್ಟದ ಊರುಗಳ ಮೇಲೆ ಶೆಲ್ಲುಗಳು ಬಿದ್ದು ಜನ ಸತ್ತರು. ಅವರೂ ನಮ್ಮಂತೆಯೇ ಇಳಿಜಾರಿನಲ್ಲಿ ಮನೆ ಕಟ್ಟಿಕೊಂಡು, ದನ ಸಾಕಿಕೊಂಡು ಬದುಕುವವರು. ಕೊನೆಗೆ ಕಾಳಗ ನಿಂತದ್ದು ಹೇಗೆ? ಮೇ 10ರ ಮಧ್ಯಾಹ್ನ ಪಾಕಿಸ್ತಾನದ ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರು ಭಾರತದ ಮಹಾನಿರ್ದೇಶಕರಿಗೆ ಫೋನ್ ಮಾಡಿದರು. ಅಂದು ಸಂಜೆ ಐದರಿಂದ ಗುಂಡು ನಿಲ್ಲಿಸಲು ಒಪ್ಪಿಗೆಯಾಯಿತೆಂದು ನಮ್ಮ ವಿದೇಶಾಂಗ ಕಾರ್ಯದರ್ಶಿಗಳು ಪ್ರಕಟಿಸಿದರು. ತೆರೆಮರೆಯ ರಾಜತಾಂತ್ರಿಕ ಯತ್ನಗಳು ಏನೇ ಇರಲಿ, ಕೊನೆಯ ಮಾತು ಹರಿದದ್ದು ಅಂಥ ದಿನಗಳಲ್ಲಿಯೂ ಕಡಿಯದೆ ಉಳಿದಿದ್ದ ಒಂದು ಫೋನಿನ ತಂತಿಯ ಮೇಲೆ.

ಮಿತ್ರರೇ, ಇಂಥ ತಂತಿಗಳನ್ನು ಜಗತ್ತು ಒಂದೊಂದಾಗಿ ಕಡಿಯುತ್ತಿದೆ ಎಂಬುದೇ ಇಂದಿನ ಆತಂಕ. ಪರಸ್ಪರರ ದೇಶದ ಮೇಲೆ ಆಯುಧರಹಿತ ವಿಮಾನ ಹಾರಿಸಿ, ತಿಳಿಸಿಯೇ ಪರೀಕ್ಷಿಸಲು ಅವಕಾಶ ಕೊಟ್ಟಿದ್ದ ‘ಮುಕ್ತ ಆಕಾಶ’ ಒಪ್ಪಂದ 2002ರಲ್ಲಿ ಜಾರಿಗೆ ಬಂದಿತ್ತು. ಅದರಿಂದ ಅಮೆರಿಕ 2020ರಲ್ಲಿ, ರಷ್ಯಾ 2021ರಲ್ಲಿ ಹೊರನಡೆದವು. ಒಪ್ಪಿಗೆ ಪಡೆದು ನೋಡುವ ಬಾಗಿಲು ಮುಚ್ಚಿದ ಮೇಲೆ ಕದ್ದು ನೋಡುವ ಕಿಂಡಿಗಳೇ ಉಳಿಯುತ್ತವೆ.

ಬೆಟ್ಟದ ಮೂಲೆಯಲ್ಲಿರುವ ನಾವು ಏನು ಮಾಡಬಲ್ಲೆವು ಎಂದು ತಾವು ಕೇಳಬಹುದು. ಕಾಡಿನ ವಿಷಯವಾಗಲಿ ಅಣೆಕಟ್ಟಿನ ವಿಷಯವಾಗಲಿ, ದೂರದಲ್ಲಿ ಕುಳಿತವರು ನಕ್ಷೆಯ ಮೇಲೆ ಎಳೆದ ಗೆರೆಯನ್ನು ಪ್ರಶ್ನಿಸುವುದನ್ನು ಮಲೆನಾಡು ಎಂದೋ ಕಲಿತಿದೆ. ಅದೇ ಅಭ್ಯಾಸವನ್ನು ಇಲ್ಲಿಯೂ ಬಳಸೋಣ. ವಾಯುಗಡಿ ಉಲ್ಲಂಘನೆಯ ಸುದ್ದಿ ಬಂದಾಗ ಮೂರು ಪ್ರಶ್ನೆ ಕೇಳೋಣ. ದಾಟಿದ್ದು ಅಂಗಳವನ್ನೋ, ದಣಪೆಯಾಚೆಯ ದಾರಿಯನ್ನೋ? ಎಷ್ಟು ದೂರ, ಎಷ್ಟು ಹೊತ್ತು, ಅಳೆದವರು ಯಾರು? ಎರಡೂ ಕಡೆಯ ಸೇನೆಗಳ ನಡುವೆ ಫೋನು ಕೆಲಸ ಮಾಡುತ್ತಿದೆಯೇ? ಈ ಉತ್ತರಗಳು ದೊರೆಯುವ ಮೊದಲೇ ‘ಹೊಡೆಯಿರಿ’ ಎಂದು ಕೂಗುವವರ ಜೊತೆ ನಮ್ಮ ಧ್ವನಿ ಸೇರಿಸದಿರೋಣ. ಮತ ಕೇಳಲು ಬರುವವರನ್ನು, ಗಡಿಯ ರಕ್ಷಣೆಗೆ ಎಷ್ಟು ವಿಮಾನ ಕೊಂಡಿರಿ ಎಂದು ಕೇಳುವ ಜೊತೆಗೇ, ಅಪಘಾತ ತಡೆಯುವ ಒಪ್ಪಂದಗಳನ್ನು ಎಷ್ಟು ಜೋಪಾನ ಮಾಡಿದಿರಿ ಎಂದೂ ಕೇಳೋಣ.

 ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಈಗ ಸಮಯವಿದೆ; ದಯವಿಟ್ಟು ಕೇಳಿ.